ಬಾಲವಿರುವ ರುಜು

ಒಣಗಾಲ ಮೂರನೆಯ ತಿಂಗಳಿಗೆ ಬಿದ್ದಿತ್ತು. ಕಾರಂಗ್ಲೊ ಊರಿನ ಅಂಗಳಗಳಲ್ಲಿ, ಹಾದಿಯ ಬದಿಯಲ್ಲಿ, ನಮಾಜಿನ ಕಟ್ಟೆಯ ಮೇಲೆ, ಕೊನೆಗೆ ಹುಡುಗರು ವಾಲಿಬಾಲ್ ಆಡುವ ಬಯಲಿನಲ್ಲೂ ಸಿಪ್ಪೆ ಸುಲಿದ ಮರಗೆಣಸು ಬೆಳ್ಳಗೆ ಒಣಗುತ್ತ ಬಿದ್ದಿತ್ತು. ತೇಗದ ಮರಗಳು ಎಲೆಯೆಲ್ಲ ಉದುರಿಸಿಕೊಂಡು ಬೋಳಾಗಿದ್ದವು. ಬೆಳಗಿನ ಏಳಕ್ಕೇ ಬಿಸಿಲಿಗೆ ಮೊನೆ ಬಂದಿತ್ತು. ಸಾರ್ದಿ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಗೆಣಸು ಸುಲಿಯುತ್ತಿದ್ದ. ಅವ್ವ ಎದುರಿಗಿರುವಷ್ಟು ಹೊತ್ತು ಚಾಕು ಬಲಗೈಯಲ್ಲಿರುತ್ತಿತ್ತು. ಅವಳು ಬುಟ್ಟಿ ಹೊತ್ತು ಮುಂದಿನ ಅಂಗಳಕ್ಕೆ ಹೋದೊಡನೆ ಎಡಗೈಗೆ ಬರುತ್ತಿತ್ತು. ಬಲಗೈ ಒಂದು ಗೆಣಸನ್ನು ಹೆರೆದು ಮುಗಿಸುವುದರೊಳಗೆ ಎಡಗೈ ಮೂರನ್ನು ಉದ್ದಕ್ಕೆ ಸೀಳಿ ಅಂಗಿ ಕಳಚಿದ ಹಾಗೆ ಸಿಪ್ಪೆ ಕಳಚಿ ಎಸೆಯುತ್ತಿತ್ತು. ಅವ್ವ ತಿರುಗಿ ಬಂದು ರಾಶಿ ಬೆಳೆದದ್ದನ್ನು ನೋಡುತ್ತಿದ್ದಳು, ಮಗನ ಬಲಗೈಯಲ್ಲಿದ್ದ ಚಾಕುವನ್ನು ನೋಡುತ್ತಿದ್ದಳು, ಬುಟ್ಟಿ ತುಂಬಿಕೊಂಡು ಹೋಗುತ್ತಿದ್ದಳು. ಇಪ್ಪತ್ತೆಂಟು ವರ್ಷಗಳಿಂದ ತಾಯಿಮಗನ ನಡುವೆ ಈ ಒಂದು ವಿಷಯದಲ್ಲಿ ಒಳ್ಳೆಯ ಒಪ್ಪಂದವಿತ್ತು.

ಆದರೆ ಇವತ್ತು ಎಡಗೈಗೆ ಇನ್ನೊಂದು ಕೆಲಸ ಕಾದಿತ್ತು. ಅದು ಅವನಿಗೆ ರಾತ್ರಿಯೇ ಗೊತ್ತಿತ್ತು, ಬೆಳಿಗ್ಗೆ ಮುಖ ತೊಳೆಯುವಾಗಲೂ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಗೆಣಸು ಸುಲಿಯುತ್ತಿದ್ದ ಅಷ್ಟೇ. ಒಳಗೆ ಅಕ್ಕಿಯ ಡಬ್ಬದ ಮೇಲೆ ನೀಲಿ ರಟ್ಟಿನ ಪುಸ್ತಕವಿತ್ತು. ಪಟ್ಟಣದ ಪುನರ್ವಸತಿ ಕೇಂದ್ರದಲ್ಲಿ ಚಿಕಿತ್ಸಾ ಸಹಾಯಕನ ಆರು ತಿಂಗಳ ತರಬೇತಿಗೆ ಸೇರಿದವರಿಗೆಲ್ಲ ಕೊಟ್ಟ ಪುಸ್ತಕ. ಅದರಲ್ಲಿ ಇಪ್ಪತ್ನಾಲ್ಕು ಸಾಲು. ಒಬ್ಬ ರೋಗಿಯ ಮನೆಗೆ ಇಪ್ಪತ್ನಾಲ್ಕು ಸಲ ಹೋಗಿ ಬರಬೇಕು. ಪ್ರತಿ ಸಾಲಿಗೆ ನಾಲ್ಕು ಮನೆ: ತಾರೀಖು, ಮಾಡಿಸಿದ ವ್ಯಾಯಾಮ, ಈ ದಿನ ರೋಗಿ ತಾನಾಗಿ ಮಾಡಿದ ಕೆಲಸ, ರೋಗಿಯ ರುಜು. ಇಪ್ಪತ್ಮೂರು ಸಾಲುಗಳಲ್ಲಿ ಮೊದಲೆರಡು ಮನೆ ತುಂಬಿದ್ದವು. ಮೂರನೆಯದರಲ್ಲಿ ಇಪ್ಪತ್ಮೂರು ಸಲ 'ಇಲ್ಲ' ಎಂದು ಬರೆದಿತ್ತು. ನಾಲ್ಕನೆಯದು ಖಾಲಿ. ನಾಳೆ ಶುಕ್ರವಾರ ಎಂಟು ಗಂಟೆಗೆ ಪುಸ್ತಕ ತರಬೇತಿ ಕೊಡುವ ಮೇಡಂ ಬು ರತ್ನೊ ಅವರ ಮೇಜಿನ ಮೇಲಿರಬೇಕು. ಒಂದು ರುಜು ಕಡಿಮೆಯಾದರೂ ಪ್ರಮಾಣಪತ್ರವಿಲ್ಲ ಎಂದು ಅವರು ಮೊದಲ ದಿನವೇ ಹೇಳಿದ್ದರು. ಪಕ್ಕದ ಊರಿನ ಆರೋಗ್ಯಕೇಂದ್ರದಲ್ಲಿ ಒಂದು ಹುದ್ದೆ ಖಾಲಿ ಇತ್ತು. ಅದು ತಪ್ಪಿದರೆ ಸಾರ್ದಿ ಜಕಾರ್ತದ ಅಂಚಿನಲ್ಲಿ ಮಾವನ ಬಕ್ಸೊ ಗಾಡಿಗೆ ವಾಪಸು ಹೋಗಿ, ಜನ ಮಾಂಸದುಂಡೆ ತಿಂದು ಸೂಪು ಕುಡಿದಿಟ್ಟ ಬಟ್ಟಲುಗಳನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆಯಬೇಕು. ಐದು ವರ್ಷ ತೊಳೆದಿದ್ದ. ಈಗಲೂ ಕೆಲವು ಸಲ ಕೈ ಮೂಸಿದರೆ ಬೆಳ್ಳುಳ್ಳಿಯ ವಾಸನೆ ಬಂದ ಹಾಗಾಗುತ್ತಿತ್ತು.

ರುಜು ಯಾಕಿಲ್ಲ ಎಂದು ಕೇಂದ್ರದಲ್ಲಿ ಯಾರಿಗೂ ಹೇಳುವ ಧೈರ್ಯ ಅವನಿಗಾಗಿರಲಿಲ್ಲ. ಹೇಳುವುದಾದರೂ ಹೇಗೆ. ಅವನ ಪಾಲಿಗೆ ಬಂದ ರೋಗಿ ಮಾರ್ತೊಸುವಿತೊ. ಊರಿಗೆಲ್ಲ ಪಾಕ್ ಗುರು. ಮೂವತ್ತೇಳು ವರ್ಷ ಈ ಗುಡ್ಡಸಾಲಿನ ಒಂದೇ ಶಾಲೆಯಲ್ಲಿ ಪಾಠ ಹೇಳಿ, ಊರಿನ ಮುಕ್ಕಾಲು ಪಾಲು ಜನರ ಕಿವಿ ಹಿಂಡಿದವರು. ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಕಾಲು ಅಷ್ಟಿಷ್ಟು ಬಂತು, ಮಾತು ಪೂರ್ತಿ ಬಂತು, ಬೈಗುಳ ಎಲ್ಲಕ್ಕಿಂತ ಮೊದಲು ಬಂತು, ಕೈ ಮಾತ್ರ ಬರಲಿಲ್ಲ. ಬಲಗೈ ಇನ್ನು ಬರುವ ಹಾಗಿಲ್ಲ, ಎಡಗೈಯಲ್ಲಿ ಉಣ್ಣುವುದು ಬರೆಯುವುದು ಕಲಿಸು ಎಂದು ಬು ರತ್ನೊ ಹೇಳಿ ಕಳಿಸಿದ್ದರು. ಪಾಕ್ ಗುರು ಅದನ್ನು ಕೇಳಿದ ದಿನ ಗೋಡೆಯ ಕಡೆಗೆ ತಿರುಗಿ ಕೂತರು. ಎಡಗೈ ತೊಳೆದುಕೊಳ್ಳುವುದಕ್ಕೆ. ಆ ಕೆಲಸ ಅದು ಮೊದಲೂ ಮಾಡುತ್ತಿತ್ತು, ಈಗಲೂ ಮಾಡುತ್ತಿದೆ; ಅದಕ್ಕೇನು ಬಡ್ತಿ ಕೊಡಬೇಕೇನು ಎಂದು ಗೋಡೆಗೇ ಕೇಳಿದರು. ಅನ್ನವನ್ನು ಮಗಳು ತರ್ಮಿ ಬಾಯಿಗಿಡುತ್ತಿದ್ದಳು. ರುಜುವಿನ ಮಾತು ಬಂದಾಗ, ಕೈ ಸರಿಹೋದ ದಿನ ಎಲ್ಲವನ್ನೂ ಒಟ್ಟಿಗೆ ಹಾಕುತ್ತೇನೆ ಎಂದರು. ತರ್ಮಿ ಹಾಕಬಹುದಲ್ಲ ಎಂದರೆ, ನನ್ನ ಮೈಗೆ ಅವಳ ರುಜುವೇ ಎಂದರು. ಒಂದು ದಿನ ಸಾರ್ದಿ ಬಾಯ್ತಪ್ಪಿ ಹೆಬ್ಬೆಟ್ಟಿನ ಗುರುತಿನ ಮಾತೆತ್ತಿಬಿಟ್ಟ. ಈ ಊರಲ್ಲಿ ಒಬ್ಬನೂ ಹೆಬ್ಬೆಟ್ಟು ಒತ್ತಬಾರದು ಎಂದು ಮುದುಕಿಯರನ್ನೂ ಬಿಡದೆ ಸಂಜೆ ಲಾಂದ್ರ ಹಚ್ಚಿ ಅಕ್ಷರ ತಿದ್ದಿಸಿದ ಮನುಷ್ಯ. ಮುಂದಿನ ಎರಡು ಭೇಟಿಯಲ್ಲಿ ಅವರು ಸಾರ್ದಿಯ ಜೊತೆ ಮಾತನಾಡಲೇ ಇಲ್ಲ. ಆ ಎರಡು ದಿನ 'ರೋಗಿ ತಾನಾಗಿ ಮಾಡಿದ ಕೆಲಸ' ಎಂಬಲ್ಲಿ 'ಸಿಟ್ಟು' ಎಂದು ಬರೆಯಬಹುದಿತ್ತು ಎಂದು ಅವನಿಗೆ ಈಗ ಅನಿಸಿತು.

ಅವ್ವ ಬಾವಿಗೆ ಹೋದದ್ದನ್ನು ನೋಡಿಕೊಂಡು ಸಾರ್ದಿ ಒಳಗೆ ಬಂದ. ಕೈ ತೊಳೆಯಲು ನೀರಿಗೆ ಬರ, ಲುಂಗಿಗೆ ಒರೆಸಿಕೊಂಡ. ಮೊದಲು ಒಂದು ಹಾಳೆಯ ಮೇಲೆ ಬಲಗೈಯಲ್ಲಿ ಪ್ರಯತ್ನಿಸಿದ. ಪಾಕ್ ಗುರುವಿನ ರುಜು ಅವನಿಗೆ ತನ್ನ ಮುಖಕ್ಕಿಂತ ಚೆನ್ನಾಗಿ ಗೊತ್ತು. ಆರು ವರ್ಷ, ವರ್ಷಕ್ಕೆ ಎರಡು ಸಲ, ಅಂಕಪಟ್ಟಿಯಲ್ಲಿ ಹತ್ತಕ್ಕೆ ಬಿದ್ದ ಕೆಂಪು ಐದುಗಳ ಕೆಳಗೆ ಅದು ಬಂದು ಕೂರುತ್ತಿತ್ತು. ಎದೆಯುಬ್ಬಿಸಿದ ದೊಡ್ಡ ಎಂ ಅಕ್ಷರ, ಅದರ ಹಿಂದೆ ಪುಟ್ಟ ಅಕ್ಷರಗಳ ಸಾಲು, ಕೊನೆಗೆ ಹುಂಜದ ಬಾಲದ ಹಾಗೆ ಮೇಲಕ್ಕೆದ್ದು ಹಿಂದಕ್ಕೆ ಬಾಗುವ ಒಂದು ಬೀಸು. ಬಲಗೈಯಲ್ಲಿ ಎಂ ಬಂತು, ಅಕ್ಷರಗಳೂ ಬಂದವು, ಬಾಲ ಬರಲಿಲ್ಲ. ಮಳೆಯಲ್ಲಿ ನೆಂದ ಹುಂಜದ ಹಾಗೆ ಕೆಳಗೆ ಜೋತಿತು. ಆರು ಸಲ ಬರೆದ, ಆರು ಹುಂಜವೂ ನೆಂದಿದ್ದವು. ಆಮೇಲೆ ಲೇಖನಿ ಎಡಗೈಗೆ ಬಂತು. ತಾನು ತಂದುಕೊಂಡದ್ದಲ್ಲ, ಬಂತು ಎಂದೇ ಅವನು ಮನಸ್ಸಿನಲ್ಲಿ ಹೇಳಿಕೊಂಡ. ಬಾಲ ಸೊಗಸಾಗಿ ಎದ್ದು ಬಾಗಿತು. ಅಚ್ಚರಿಯೆಂದರೆ ಕೈಗೆ ಅದು ಕಷ್ಟವೇ ಆಗಲಿಲ್ಲ, ಇಳಿಜಾರಿನಲ್ಲಿ ನೀರು ಹೋದಂತೆ ಹೋಯಿತು. ಒಂದು, ಎರಡು, ಐದು. ಹನ್ನೊಂದನೆಯ ಸಾಲಿನಲ್ಲಿ ಮೇಕೆ ಕೂಗಿತೆಂದು ಬೆಚ್ಚಿದ. ಇಪ್ಪತ್ಮೂರು ಮುಗಿದಾಗ ಬೆನ್ನು ಬೆವರಿತ್ತು. ಇಪ್ಪತ್ನಾಲ್ಕನೆಯದನ್ನು ಬಿಟ್ಟ. ಇವತ್ತಿನ ಭೇಟಿ ಇನ್ನೂ ಆಗಿಲ್ಲವಲ್ಲ, ಆಗದ ಭೇಟಿಗೆ ರುಜು ಹಾಕುವುದು ಮೋಸ. ಈ ವಿಚಾರ ಮನಸ್ಸಿಗೆ ಬಂದಾಗ ಅವನಿಗೆ ಸ್ವಲ್ಪ ನಗು ಬಂತು, ಆಮೇಲೆ ನಗು ನಿಂತಿತು, ಎಡಗೈಯನ್ನು ಲುಂಗಿಯ ಮಡಿಕೆಯಲ್ಲಿ ಅಡಗಿಸಿಕೊಂಡ.

ಹಾಗೆ ಅಡಗಿಸುವುದು ಹೊಸದಲ್ಲ. ಎರಡನೆಯ ತರಗತಿಯಲ್ಲಿ ಸ್ಲೇಟನ್ನು ಎಡಗೈಯಲ್ಲಿ ಚಾಚಿದ್ದಕ್ಕೆ ಪಾಕ್ ಗುರು, ಹೊರಗೆ ಹೋಗಿ ಮತ್ತೆ ಬಾ ಎಂದರು. ಹೋಗಿ ಬಂದ, ಮತ್ತೆ ಎಡಗೈ ಚಾಚಿತು. ಹೊರಗೆ ಹೋಗಿ ಮತ್ತೆ ಬಾ. ಆ ದಿನ ಅವನು ಒಂಬತ್ತು ಸಲ ಬಾಗಿಲು ದಾಟಿದ. ತರಗತಿ ಒಟ್ಟಾಗಿ ಎಣಿಸಿತು. ಹತ್ತನೆಯ ಸಲ ಪಾಕ್ ಗುರು ಸ್ಕೌಟಿನ ಕೆಂಪು-ಬಿಳಿ ಕೊರಳವಸ್ತ್ರ ತೆಗೆದು ಅವನ ಎಡಗೈಯನ್ನು ಬೆಂಚಿನ ಕಾಲಿಗೆ ಕಟ್ಟಿದರು. ನೋವಾಗದ ಹಾಗೆ, ಗಂಟು ಬಿಗಿಯಾಗದ ಹಾಗೆ, ಕೈಗೂ ಬಟ್ಟೆಗೂ ನಡುವೆ ತಮ್ಮ ಎರಡು ಬೆರಳು ಇಟ್ಟು ನೋಡಿ ಕಟ್ಟಿದರು. ಇಡೀ ಅರ್ಧ ವರ್ಷ ದಿನವೂ ಬೆಳಿಗ್ಗೆ ಕಟ್ಟಿದರು, ಮಧ್ಯಾಹ್ನ ಬಿಚ್ಚಿದರು. ಬೇರೆ ಹುಡುಗರಿಗೆ ಬೆತ್ತ ಬೀಳುತ್ತಿತ್ತು, ಅವನಿಗೆ ಮಾತ್ರ ಈ ಉಪಚಾರ. ಆಗ ಅವನು ಬೆತ್ತಕ್ಕಾಗಿ ಆಸೆಪಟ್ಟದ್ದುಂಟು.

ಆರು ತಿಂಗಳ ಹಿಂದೆ ಬು ರತ್ನೊ ತರಬೇತಿಯ ಹಾಲಿನಲ್ಲಿ ಇಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಎಲ್ಲರೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ ಎಂದಾಗ ಸಾರ್ದಿಯ ಎಡಗೈ ತಾನಾಗಿ ಬೆಂಚಿನ ಕಾಲನ್ನು ಹುಡುಕಿತ್ತು. ರೋಗಿ ತಾನೇ ಮಾಡುವ ತನಕ ನಿಮ್ಮ ಕೈ ಹಿಂದೆಯೇ ಇರಬೇಕು, ಸಹಾಯಕನಿಗೆ ಮೊದಲು ಬೇಕಾದದ್ದು ಸಹಾಯ ಮಾಡದೆ ಇರುವ ಶಕ್ತಿ ಎಂದರು ಅವರು. ಇದು ಅಲ್ಲಿದ್ದ ಯಾರಿಗೂ ಸಾಧ್ಯವಾಗಲಿಲ್ಲ. ಹಿರಿಯರು ಗುಂಡಿ ಹಾಕಿಕೊಳ್ಳಲು ಪರದಾಡುವುದನ್ನು ಕೈ ಕಟ್ಟಿ ನೋಡುವವನನ್ನು ಈ ಸೀಮೆಯಲ್ಲಿ ಮನುಷ್ಯ ಎನ್ನುವುದಿಲ್ಲ. ಒಬ್ಬರು ರೋಗಿಯಾಗಿ ಇನ್ನೊಬ್ಬರು ಸಹಾಯಕರಾಗಿ ಆಡಿ ತೋರಿಸುವ ದಿನ ಸಾರ್ದಿಗೆ ಪಾರ್ಶ್ವವಾಯುವಿನ ರೋಗಿಯ ಪಾತ್ರ ಬಂತು. ಚಹಾದ ಲೋಟ ಎತ್ತಲಾರದೆ ಅವನು ನಡುಗಿದ ರೀತಿಗೆ ಸಹಾಯಕಿಯಾಗಿದ್ದ ಹೆಂಗಸು ಕೈ ಬಿಚ್ಚಿ ಓಡಿಬಂದು ಕುಡಿಸಿದಳು, ಅವಳ ಹಿಂದೆ ಇನ್ನಿಬ್ಬರು ಬಂದರು, ಪರೀಕ್ಷೆಗೆಂದು ಬಂದಿದ್ದ ಹೊರಗಿನ ಅಧಿಕಾರಿಯೇ ಎದ್ದು ಬಂದು ಬಿಸ್ಕತ್ತು ಮುರಿದು ಬಾಯಿಗಿಟ್ಟರು. ಎಲ್ಲರೂ ನಪಾಸು. ಬು ರತ್ನೊ ಮಾತ್ರ ಅವನ ಹತ್ತಿರ ಬಂದು, ನಿನ್ನ ಎಡಗೈಯ ಹಿಡಿತ ಚೆನ್ನಾಗಿದೆ, ಈ ಕೆಲಸಕ್ಕೆ ಎರಡೂ ಕೈ ಬೇಕು ಎಂದರು. ಅಷ್ಟು ಜನರೆದುರು. ಮೈಮೇಲಿನ ಗುಟ್ಟಿನ ಮಚ್ಚೆಯನ್ನು ಯಾರೋ ತೋರಿಸಿ ಹೊಗಳಿದಂತಾಗಿ ಅವನು ಆ ಕೈಯನ್ನು ಜೇಬಿಗೆ ತುರುಕಿದ, ಸಂಜೆ ಬಸ್ಸಿನ ತನಕ ತೆಗೆಯಲಿಲ್ಲ. ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಕೈಗೆ ವ್ಯಾಯಾಮ ಕೊಡಬೇಡಿ, ಕೆಲಸ ಕೊಡಿ. ಪ್ರತಿ ಕೈಗೂ ತಡೆಯಲಾರದ ಕೆಲಸ ಒಂದಿರುತ್ತದೆ, ಅದನ್ನು ಹುಡುಕಿ. ಸಾರ್ದಿ ಇಪ್ಪತ್ಮೂರು ಭೇಟಿಯಲ್ಲಿ ಬಟ್ಟೆಯ ಕ್ಲಿಪ್ಪು ಕೊಟ್ಟ, ಬಟ್ಟಲಿನಿಂದ ಬಟ್ಟಲಿಗೆ ಹಾಕಲು ಹೆಸರುಕಾಳು ಕೊಟ್ಟ, ಜೇಡಿಮಣ್ಣು ಕೊಟ್ಟ. ಪಾಕ್ ಗುರು ಜೇಡಿಮಣ್ಣನ್ನು ನೋಡಿ, ಒಂದನೆಯ ತರಗತಿ ನಾನು ಯಾವಾಗಲೋ ಪಾಸಾಗಿದ್ದೇನೆ ಎಂದಿದ್ದರು.

ಮೋಟಾರುಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಹೊರಟಾಗ ಹತ್ತು ಗಂಟೆ. ಚೀಲದೊಳಗಿನ ಪುಸ್ತಕ ಬೆನ್ನಿಗೆ ಬಿಸಿಯಾಗಿ ತಾಗುತ್ತಿದ್ದಂತಿತ್ತು. ತಿರುವಿನಲ್ಲಿ ಮೈ ನೀವುವ ಕ್ರೊಮೊ ಅಜ್ಜ ಜಗಲಿಯ ಮೇಲೆ ಕೂತು ಲವಂಗದ ಬೀಡಿ ಸೇದುತ್ತಿದ್ದ. ಉಳುಕು, ನರ, ಬಿದ್ದ ಹೊಕ್ಕುಳು ಎಲ್ಲಕ್ಕೂ ಈ ಸುತ್ತಿನಲ್ಲಿ ಅವನ ಹೆಬ್ಬೆರಳೇ ಮದ್ದು. ಸಾರ್ದಿಯ ಕೆಲಸ ಅವನಿಗೆ ಮೊದಲು ಸ್ಪರ್ಧೆಯಾಗಿ ಕಂಡಿತ್ತು, ಈಗ ತಮಾಷೆಯಾಗಿತ್ತು.

"ಏನ್ಲೇ ಡಾಕ್ಟ್ರೇ, ಇವತ್ತಾದ್ರೂ ಗುರುಗಳ ಮೈ ಮುಟ್ಟತೀಯೋ, ಇಲ್ಲ ಹಂಗೇ ಕೈ ಕಟ್ಕೊಂಡು ನಿಂತು ಬರ್ತೀಯೋ?"

"ಇವತ್ತು ಕೊನೇ ದಿನ ಅಜ್ಜ."

"ಮೈ ನೀವದೆ ಇರೋದನ್ನ ಕಲಿಯೋಕೆ ಆರು ತಿಂಗಳು ತಗೊಂಡ್ಯಲ್ಲಪ್ಪ. ನಮ್ಮೂರಲ್ಲಿ ಅದು ಹುಟ್ಟುತ್ಲೇ ಎಲ್ಲರಿಗೂ ಬರುತ್ತೆ."

ಹೌದು ಅಜ್ಜ ಎಂದು ಸಾರ್ದಿ ನಕ್ಕ. ಎರಡು ವಾರದ ಹಿಂದೆ ಇದೇ ಅಜ್ಜನ ಹೆಂಡತಿ ಒಂದು ಕೋಳಿ ಹಿಡಿದುಕೊಂಡು ಬಂದು, ಗಂಡನಿಗೆ ತಿಳಿಯದ ಹಾಗೆ ತನ್ನ ಸೊಂಟ ನೋಡು ಎಂದಿದ್ದಳು. ಅದನ್ನು ಹೇಳಿದ್ದರೆ ಮಾತು ಅಲ್ಲೇ ತೀರುತ್ತಿತ್ತು. ಹೇಳಲಿಲ್ಲ. ಇಪ್ಪತ್ಮೂರು ಕಳ್ಳ ರುಜು ಬೆನ್ನಿಗಿದ್ದವನು ಇನ್ನೊಬ್ಬರ ಮರ್ಯಾದೆಯನ್ನಾದರೂ ಕಾಪಾಡಬೇಕು ಎನಿಸಿತು.

ಪಾಕ್ ಗುರುವಿನ ಅಂಗಳದಲ್ಲೂ ಗೆಣಸು ಹರಡಿತ್ತು, ಆದರೆ ಸಾಲು ಹಿಡಿದು, ಉದ್ದಕ್ಕೆ ಒಂದೇ ದಿಕ್ಕಿಗೆ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ತರ್ಮಿ ಒಳ್ಳೆಯ ಸೀರೆಯಂಥ ಬಾತಿಕ್ ಉಟ್ಟು, ಈಳಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಮೇಲಿನಕೇರಿಯಲ್ಲಿ ಮದುವೆ, ಹೆಂಗಸರೆಲ್ಲ ಅಡಿಗೆಗೆ ಕೈಗೂಡಿಸಲು ಹೋಗಿದ್ದರು, ಅವಳಿಗೆ ತಡವಾಗಿತ್ತು. ಮೇಜಿನ ಮೇಲೆ ಅನ್ನ, ಸೋಯಾಕಾಳಿನ ಹುರಿದ ತೆಂಪೆ ಬಿಲ್ಲೆ, ಬೇಯಿಸಿದ ಪಪಾಯ ಸೊಪ್ಪು ಇಟ್ಟಿದೆ, ನೀನೇ ತಿನ್ನಿಸಿಬಿಡು ತಮ್ಮ ಎಂದಳು. ಬೆನ್ನ ಹಿಂದೆ ಕೈ ಕಟ್ಟುವ ವಿಷಯ ಅವನು ಹೇಳಬೇಕೆಂದಿರುವಾಗಲೇ ಅವಳು ದನಿ ಇಳಿಸಿದಳು.

"ಅಪ್ಪ ನಿನ್ನೆ ಊರ ಕಚೇರಿಯಿಂದ ಇಂಕಿನ ಪ್ಯಾಡ್ ತರಿಸಿದ್ದಾರೆ."

"ಯಾತಕ್ಕಕ್ಕ?"

"ಹೆಬ್ಬೆಟ್ಟು ಒತ್ತೋದಕ್ಕೆ. ನಿನ್ನ ಪುಸ್ತಕಕ್ಕೆ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ನನ್ನಿಂದ ಒಬ್ಬ ಹುಡುಗ ನಪಾಸಾಗೋದು ಬೇಡ ಅಂದ್ರು. ನೀನು ಏನೂ ಗೊತ್ತಿಲ್ಲದ ಹಾಗಿರು."

ಅವಳು ಹೋದಳು. ಸಾರ್ದಿ ಒಣಗುವ ಗೆಣಸಿನ ಸಾಲುಗಳ ನಡುವೆ ಒಂಟಿಕಾಲಲ್ಲಿ ನಿಂತಿದ್ದ. ಇನ್ನೊಂದು ಕಾಲಿಡಲು ಜಾಗ ಸಿಗಲಿಲ್ಲ. ಬೈಕಿಗೆ ಒದ್ದು ಮನೆಗೆ ಹೋಗಿಬಿಡಬಹುದು. ಪುಸ್ತಕ ಮರೆತು ಬಂದೆ ಎನ್ನಬಹುದು. ಪುಸ್ತಕ ಮೇಕೆ ತಿಂದಿತು ಎನ್ನಬಹುದು. ನಾಲ್ಕನೆಯ ತರಗತಿಯಲ್ಲಿ ಒಮ್ಮೆ ಹಾಗೆ ಹೇಳಿದ್ದ, ಪಾಕ್ ಗುರು ಮೇಕೆಯನ್ನು ಕರೆದುಕೊಂಡು ಬಾ, ಅದನ್ನೇ ಓದಿಸೋಣ ಎಂದಿದ್ದರು. ಒಳಗಿನಿಂದ ಕೆಮ್ಮು ಕೇಳಿತು.

"ಲೇ ಸಾರ್ದಿ. ನೆರಳು ಕಾಣುತ್ತೆ, ಮನುಷ್ಯ ಎಲ್ಲಿ?"

ಪಾಕ್ ಗುರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಪ್ಪು ಟೋಪಿಯಿಟ್ಟು, ಸ್ವಾತಂತ್ರ್ಯದಿನದ ಧ್ವಜವಂದನೆಗೆ ಹೊರಟವರ ಹಾಗೆ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಮಡಿಸಿದ ಬಟ್ಟೆಯಂತೆ ಬಿದ್ದಿತ್ತು. ಎದುರಿಗಿದ್ದ ಮೇಜಿನ ಮೇಲೆ ಮುಚ್ಚಿಟ್ಟ ಊಟದ ತಟ್ಟೆ, ಅದರ ಪಕ್ಕದಲ್ಲಿ ಒಂದು ತಗಡಿನ ಇಂಕಿನ ಪ್ಯಾಡ್, ಒರೆಸಿಕೊಳ್ಳಲು ಹಳೆಯ ಬಟ್ಟೆ. ಜೇಬಿನಲ್ಲಿ ಎಂದಿನಂತೆ ಗಿಡ್ಡ ಕೆಂಪು ಪೆನ್ಸಿಲು. ನಿವೃತ್ತರಾಗಿ ಹದಿನಾರು ವರ್ಷವಾದರೂ ಅದಿಲ್ಲದೆ ಅಂಗಿ ಹಾಕುತ್ತಿರಲಿಲ್ಲ. ಸಾರ್ದಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅವರು ಕುರ್ಚಿಯಲ್ಲಿ, ಅವನು ಹಾಗೆ ನಿಂತು. ಇದು ಚಿಕಿತ್ಸೆಯೋ ಶಿಕ್ಷೆಯೋ ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ, ಒಳಗಿದ್ದ ಅವನಿಗೂ ತಿಳಿಯುತ್ತಿರಲಿಲ್ಲ. ಊಟ ಮಾಡೋಣವೇ ಪಾಕ್ ಗುರು, ಎಡಗೈಯಲ್ಲಿ ಚಮಚ ಹಿಡಿದು ಎಂದು ಇಪ್ಪತ್ನಾಲ್ಕನೆಯ ಸಲ ಕೇಳಿದ. ಊಟ ಆಮೇಲೆ, ಮೊದಲು ಪುಸ್ತಕ ತೆಗಿ ಎಂದರು. ಊಟ ಆರುತ್ತೆ ಎಂದ. ಆರಲಿ. ಸೊಪ್ಪು ಕಹಿಯಾಗುತ್ತೆ ಎಂದ. ಅದು ಮೊದಲೇ ಕಹಿ, ಪಪಾಯ ಸೊಪ್ಪು.

"ನೋಡು," ಎಂದರು, ಕಿಟಕಿಯ ಕಡೆ ನೋಡುತ್ತ. "ಬಲಗೈ ಹೆಬ್ಬೆಟ್ಟನ್ನ ನೀನೇ ಹಿಡಿದು ಒತ್ತಬೇಕು. ಇಪ್ಪತ್ನಾಲ್ಕು ಸಲ. ಬೇಗ ಮುಗಿಸು. ಬಾಗಿಲು ಮುಂದಕ್ಕೆ ಮಾಡು. ಯಾರಿಗೂ ಹೇಳಬೇಡ."

ಸಾರ್ದಿ ಬಾಗಿಲು ಮುಂದಕ್ಕೆ ಮಾಡಿದ. ತಿರುಗಿ ಬಂದು ಚೀಲದ ಹತ್ತಿರ ಬಗ್ಗಿದ, ಎದ್ದ, ಮತ್ತೆ ಬಗ್ಗಿದ. ಈ ಮುದುಕ ರಾತ್ರಿಯೆಲ್ಲ ಎಚ್ಚರವಿದ್ದು ಮೂವತ್ತೇಳು ವರ್ಷದ ಮಾನವನ್ನು ತೂಗಿ ನೋಡಿ ಕೆಳಗಿಟ್ಟಿದ್ದ. ತಾನು ಮಾತ್ರ ಅವನಿಗೆ ಕೆಳಗಿಡಲು ಜಾಗವಿಲ್ಲದಂತೆ ಮಾಡಿ ತಂದಿದ್ದ. ಹೇಳಿಬಿಡಬೇಕು. ಬಾಯಿ ತೆರೆದ, ಬಂದದ್ದು ಬಿಕ್ಕಳಿಕೆ. ಕೊನೆಗೆ ಬೇರೆ ದಾರಿಯಿಲ್ಲದೆ ಪುಸ್ತಕ ತೆಗೆದು, ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ತಲೆ ತಗ್ಗಿಸಿ, ಕಲಿಸಿದ ಹಾಗೆಯೇ ಅವರ ತೊಡೆಯ ಮೇಲಿಟ್ಟು ತೆರೆದ.

ಪಾಕ್ ಗುರು ಪುಟದ ಮೇಲೆ ಬಗ್ಗಿದರು. ಅಂಗಳದಲ್ಲಿ ಕೋಳಿಯೊಂದು ಗೆಣಸಿನ ಮೇಲೆ ನಡೆದ ಸದ್ದು ಕೇಳುತ್ತಿತ್ತು.

"ಕನ್ನಡಕ," ಎಂದರು ಪಾಕ್ ಗುರು.

ಅವನು ಕನ್ನಡಕ ತಂದು ಮೂಗಿನ ಮೇಲಿಟ್ಟ. ಬೆನ್ನ ಹಿಂದೆ ಕೈ ಕಟ್ಟುವುದು ಮರೆತಿತ್ತು.

"ಇದನ್ನೆಲ್ಲ ನಾನು ಯಾವಾಗ ಹಾಕಿದೆ?"

"ಬೆಳಿಗ್ಗೆ, ಪಾಕ್ ಗುರು."

"ನಾನು ಹಾಕಿದ್ನೋ, ನೀನೋ?"

"ನಾನು."

"ಯಾವ ಕೈಲಿ?"

ಈ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. ಎಡಗೈಯನ್ನು ಮುಂದಕ್ಕೆ ಚಾಚಿದ, ಅಂಗೈ ಕೆಳಗೆ, ಗೆಣ್ಣು ಮೇಲೆ. ಇಪ್ಪತ್ತು ವರ್ಷದ ಹಿಂದೆ ಸಿಗದ ಪೆಟ್ಟನ್ನು ಈಗಲಾದರೂ ಪಡೆದುಕೊಂಡು ಹೋಗುವವನ ಹಾಗೆ. ಪಾಕ್ ಗುರು ಕೈಯನ್ನು ನೋಡಿದರು. ಬೆರಳ ಸಂದಿಯಲ್ಲಿ ಗೆಣಸಿನ ಹಾಲು ಒಣಗಿ ಕಪ್ಪಾಗಿತ್ತು. ಪುಸ್ತಕದ ಅಂಚಿನಲ್ಲೂ ಅದೇ ಅಂಟಿನ ಬೆರಳಚ್ಚು, ಪ್ರತಿ ಸಾಲಿಗೆ ಒಂದರಂತೆ, ಸಾಕ್ಷಿ ಹಾಕಿದ ಹಾಗೆ ಬಿದ್ದಿತ್ತು. ಹೆಬ್ಬೆಟ್ಟು ಒತ್ತಬೇಕಾದವನು ನಾನು, ಒತ್ತಿದವನು ನೀನೇನು ಎಂದು ಗೊಣಗಿದರು. ಮತ್ತೆ ಪುಸ್ತಕಕ್ಕೆ ಬಗ್ಗಿದರು. ಆಗ ಅವರ ಮುಖ ಬದಲಾದದ್ದನ್ನು ಸಾರ್ದಿ ಕಂಡ. ಸಿಟ್ಟು ಬಂದದ್ದಲ್ಲ, ಸಿಟ್ಟು ಇದ್ದಲ್ಲಿಂದ ಹೋಗಿ ಆ ಜಾಗಕ್ಕೆ ಬೇರೇನೋ ಬಂದು ಕೂತಿತು. ಹುಬ್ಬು ಗಂಟಿಕ್ಕಿ, ತುಟಿ ಒಂದು ಬದಿಗೆ ಸೊಟ್ಟಗಾಗಿ, ಸಂಜೆ ದೀಪದ ಕೆಳಗೆ ನಲವತ್ತು ಪುಸ್ತಕಗಳ ರಾಶಿಯ ಮುಂದೆ ಕೂತವರ ಮುಖ.

"ಇದೇನಿದು, ಮೂರನೇ ಸಾಲಲ್ಲಿ? ಇದು ಎಂ ಅಕ್ಷರವೋ, ಹಲ್ಲು ಬಿದ್ದ ಬಾಚಣಿಗೆಯೋ? ಒಂದೇ ಎತ್ತರ ಬರಬೇಕು ಎರಡೂ ಕಾಲು. ಎಷ್ಟು ಸಲ ಹೇಳಿದೀನಿ."

ಕೆಂಪು ಪೆನ್ಸಿಲು ಜೇಬಿನಿಂದ ಹೊರಗೆ ಬಂದಿತ್ತು. ಯಾವ ಕೈ ಅದನ್ನು ತೆಗೆಯಿತೆಂದು ಇಬ್ಬರೂ ನೋಡಲಿಲ್ಲ. ಮೂರನೆಯ ಸಾಲಿನ ಮೇಲೆ ಗೆರೆ ಬಿತ್ತು, ಪಕ್ಕದಲ್ಲಿ ನಾಲ್ಕು ಎಂಬ ಅಂಕಿ ಬಿತ್ತು. ಐದನೆಯದಕ್ಕೆ ಐದು. ಏಳನೆಯದರಲ್ಲಿ ಅಕ್ಷರ ಒಂದು ನುಂಗಿಹೋಗಿದೆ, ಮೂರು. ಇಲ್ಲಿ ನಿನಗೆ ನಿದ್ದೆ ಬಂದಿದೆ. ಹನ್ನೊಂದರಲ್ಲಿ ಏನು, ಭೂಕಂಪವೇ? ಮೇಕೆ ಕೂಗಿತು ಎಂದ ಸಾರ್ದಿ. ಮತ್ತೆ ಮೇಕೆ, ಎಂದರು ತಲೆಯೆತ್ತದೆ. ಪೆನ್ಸಿಲು ಗೆರೆ ಎಳೆಯಿತು, ಸುತ್ತು ಹಾಕಿತು, ಅಂಕಿ ಬರೆಯಿತು, ಅಂಚಿನಲ್ಲಿ 'ಗಮನವಿಟ್ಟು ಬರೆ' ಎಂದು ಸಣ್ಣ ದುಂಡು ಅಕ್ಷರದಲ್ಲಿ ಬರೆಯಿತು. ಒಂದು ಅಕ್ಷರವೂ ನಡುಗಲಿಲ್ಲ. ಹದಿನೆಂಟಕ್ಕೆ ಬಂದಾಗ ಅದು ಯಾವ ಕೈ ಎಂದು ಸಾರ್ದಿಗೆ ಮೊದಲು ಕಂಡಿತು. ಹೊಲದಲ್ಲಿ ಹಕ್ಕಿ ಕೂತಾಗ ನಿಲ್ಲುವ ಹಾಗೆ ನಿಂತ. ಕೈಗಳು ತಾವಾಗಿ ಬೆನ್ನ ಹಿಂದೆ ಹೋದವು. ಆರು ತಿಂಗಳಲ್ಲಿ ಮೊದಲ ಸಲ ಅವನಿಗೆ ಸಹಾಯ ಮಾಡದೆ ಇರುವುದು ಕಷ್ಟವಾಗಲಿಲ್ಲ.

ಇಪ್ಪತ್ಮೂರನೆಯದಕ್ಕೆ ಐದೂವರೆ ಕೊಟ್ಟು ಪಾಕ್ ಗುರು ನಿಂತರು. ಬಾಲ ಪರವಾಗಿಲ್ಲ, ಎಲ್ಲದರಲ್ಲೂ ಬಾಲ ಒಂದು ಬಂದಿದೆ ಎಂದರು. ಅಂಕಿ ಕೂಡಿಸಲು ಪೆನ್ಸಿಲನ್ನು ಪುಟದ ಕೆಳಕ್ಕೆ ತಂದರು. ಅಲ್ಲಿ, ಕೂಡಿಸುವ ಗೆರೆ ಅರ್ಧ ಎಳೆದಿದ್ದಾಗ, ತಮ್ಮ ಕೈಯನ್ನು ನೋಡಿದರು.

ಅವರು ಪೆನ್ಸಿಲನ್ನು ಕೆಳಗಿಡುತ್ತಾರೆ, ಗೋಡೆಯ ಕಡೆ ತಿರುಗುತ್ತಾರೆ, ಇನ್ನು ಎಂದೂ ಮಾತನಾಡುವುದಿಲ್ಲ ಎಂದು ಸಾರ್ದಿ ಎಣಿಸಿದ. ಅವರು ಬಾಗಿಲ ಕಡೆ ನೋಡಿದರು. ಅದು ಮುಚ್ಚಿತ್ತು. ಕಿಟಕಿಯ ಕಡೆ ನೋಡಿದರು.

"ಅದನ್ನೂ ಹಾಕು," ಎಂದರು.

ಅವನು ಕಿಟಕಿ ಹಾಕಿದ. ಕೋಣೆ ಮಬ್ಬಾಯಿತು, ಹೆಂಚಿನ ಸಂದಿಯ ಒಂದು ಬಿಸಿಲಕೋಲು ಪುಸ್ತಕದ ಮೇಲೆ ಬಿದ್ದಿತ್ತು. ಲೇಖನಿ ಕೊಡು ಎಂದರು. ಕೊಟ್ಟ. ಇಪ್ಪತ್ನಾಲ್ಕನೆಯ ಸಾಲಿನ ಕೊನೆಯ ಮನೆಯಲ್ಲಿ ಪಾಕ್ ಗುರು ಎಡಗೈಯಲ್ಲಿ, ಅವಸರವಿಲ್ಲದೆ, ರುಜು ಹಾಕಿದರು. ಎದೆಯುಬ್ಬಿಸಿದ ಎಂ, ಪುಟ್ಟ ಅಕ್ಷರಗಳು, ಆಮೇಲೆ ಬಾಲ. ಎದ್ದು, ಹಿಂದಕ್ಕೆ ಬಾಗಿ, ಇಳಿಜಾರಿನಲ್ಲಿ ನೀರು ಹೋದಂತೆ. ಬೆಳಿಗ್ಗೆ ತನ್ನ ಕೈಯಲ್ಲಿ ಅದು ಹೇಗೆ ಹೋಗಿತ್ತೋ ಹಾಗೆಯೇ. ಸಾರ್ದಿ ರುಜುವನ್ನು ನೋಡಿದ, ಆ ಕೈಯನ್ನು ನೋಡಿದ. ಕೇಳಬಾರದ್ದನ್ನು ಕೇಳಲು ಹೊರಟ. ಅವರು ಅವನ ಕಡೆ ನೋಡಲಿಲ್ಲ.

"ನಮ್ಮಪ್ಪ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದ್ದ," ಎಂದರು. ರುಜುವಿನ ಮೇಲೆ ಒಮ್ಮೆ ಊದಿ, "ನಾನು ಬಟ್ಟೆಲಿ ಕಟ್ಟಿದೆ."

ಇದು ಕ್ಷಮೆಯೋ, ಲೆಕ್ಕವೋ, ಇಲ್ಲ ನೀನು ಪುಣ್ಯವಂತ ಎಂಬ ಮಾತೋ ಅವನಿಗೆ ಗೊತ್ತಾಗಲಿಲ್ಲ. ಬಟ್ಟೆಗೂ ಕೈಗೂ ನಡುವೆ ಇಟ್ಟು ನೋಡುತ್ತಿದ್ದ ಎರಡು ಬೆರಳು ನೆನಪಾದವು. ಹೌದು ಪಾಕ್ ಗುರು, ನೋವಾಗ್ತಿರಲಿಲ್ಲ ಎಂದ. ಅದು ಪೂರ್ತಿ ನಿಜವಲ್ಲದಿದ್ದರೂ ಬೆಳಗಿನಿಂದ ಮಾಡಿದ ಸುಳ್ಳುಗಳಲ್ಲಿ ಹಗುರವಾದದ್ದು.

ಅವರು ಲೇಖನಿಯನ್ನು ಅವನ ಕಡೆ ಚಾಚಿದರು. ಮೂರನೆಯ ಮನೆ ಖಾಲಿ ಇದೆ, ಅದೇನು ಬರೆಯಬೇಕೋ ಬರೆ, ಮುಚ್ಚಿಡಬೇಡ ಎಂದರು. ಸಾರ್ದಿಯ ಬಲಗೈ ಮುಂದೆ ಬಂತು, ಅರ್ಧದಲ್ಲಿ ನಿಂತಿತು, ಹಿಂದೆ ಹೋಯಿತು. ಎಡಗೈಯಲ್ಲಿ ತೆಗೆದುಕೊಂಡ. ಎಡಗೈಯಿಂದ ಎಡಗೈಗೆ, ಹೊರಗೆ ಹೋಗಿ ಮತ್ತೆ ಬಾ ಎನ್ನುತ್ತಾರೆಂದು ಒಂದು ಗಳಿಗೆ ಕಾದ. ಎನ್ನಲಿಲ್ಲ. ನೆಲದ ಮೇಲೆ ಮಂಡಿಯೂರಿ, ಪುಸ್ತಕವನ್ನು ಅವರ ಮೊಣಕಾಲಿಗೆ ಆನಿಸಿ, 'ಈ ದಿನ ರೋಗಿ ತಾನಾಗಿ ಮಾಡಿದ ಕೆಲಸ' ಎಂಬಲ್ಲಿ, ಸಾಲುಸಾಲು 'ಇಲ್ಲ'ಗಳ ಕೆಳಗೆ, ಬರೆದ: 'ತಪ್ಪು ತಿದ್ದಿದರು.'

ಪಾಕ್ ಗುರು ಓದಿದರು. ಕೆಂಪು ಪೆನ್ಸಿಲು ತೆಗೆದುಕೊಂಡು ಅದರ ಪಕ್ಕದಲ್ಲಿ ಏಳು ಎಂದು ಬರೆದರು. ಏಳು ಎಂದರೆ ಈ ಊರಿನಲ್ಲಿ ಯಾರೂ ದಾಟದ ಗಡಿ. ಸಾರ್ದಿಯ ಆಯುಷ್ಯದಲ್ಲಿ ಆರೂ ಬಂದಿರಲಿಲ್ಲ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, ಅಕ್ಷರ ಸಾಲಿನ ಮೇಲೆ ನಿಂತಿಲ್ಲವೆಂದು ಏಳನ್ನು ಹೊಡೆದು ಆರೂವರೆ ಮಾಡಿದರು.

ನಾಳೆ ಬು ರತ್ನೊ ಅವರ ಮುಂದೆ ಈ ಪುಸ್ತಕವನ್ನೇ ಇಡಬೇಕು, ಹೇಳಬೇಕಾದದ್ದನ್ನು ನೀನೇ ಎದ್ದು ನಿಂತು ಹೇಳಬೇಕು ಎಂದರು. ಅವರು ನಪಾಸು ಮಾಡಿದರೆ ಎಂದು ಸಾರ್ದಿ ಕೇಳಿದ. ಮಾಡಿದರೆ ಮಾಡಲಿ, ಅದು ಅವರ ಕೆಂಪು ಪೆನ್ಸಿಲು. ಹಿಂದಿನ ದಿನಗಳಿಗೆ ಇವತ್ತು ರುಜು ಹಾಕಲು ಬರುವುದಿಲ್ಲ, ಹಾಜರಿ ಪುಸ್ತಕವನ್ನು ಹಿಂದಕ್ಕೆ ತುಂಬುವವನು ಮೇಷ್ಟ್ರಲ್ಲ. ದಿನಕ್ಕೊಂದು. ನೀನು ಬಂದ ದಿನ ಒಂದು. ಹೀಗೆ ಹೇಳುತ್ತ ಅವರು ತಟ್ಟೆಯ ಮುಚ್ಚಳವನ್ನು ಪಕ್ಕಕ್ಕೆ ಸರಿಸಿದರು. ಚಮಚ ಬೇಕಾ ಎಂದು ಅವನು ಕೇಳಲಿಲ್ಲ. ತಣ್ಣಗಾದ ಅನ್ನಕ್ಕೆ ತೆಂಪೆ 'ಕಟಕ್' ಎಂದು ಮುರಿದುಕೊಂಡು, ಐದು ಬೆರಳೂ ಕೂಡಿಸಿ, ಒಂದು ಅಗುಳು ಚೆಲ್ಲದೆ ಉಂಡರು. ಎರಡು ತುತ್ತಿನ ನಡುವೆ ಒಮ್ಮೆ ಮುಖ ಕಿವುಚಿದರು, ಸೊಪ್ಪು ಕಹಿಯಿತ್ತು.

ಸಾರ್ದಿ ಚೀಲ ಹೆಗಲಿಗೇರಿಸಿ ಬಾಗಿಲು ತೆರೆದ. ಬಿಸಿಲು ಬಿಳಿಯ ಗೆಣಸಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚಿತು.

"ಬಾಗಿಲು ಮುಚ್ಕೊಂಡು ಹೋಗೋ," ಎಂದರು ಪಾಕ್ ಗುರು, ಬಾಯಲ್ಲಿ ಅನ್ನವಿಟ್ಟುಕೊಂಡು. "ಇಪ್ಪತ್ಮೂರು ರುಜು ಬಾಕಿ ಇದೆ. ನಾಡಿದ್ದು ಬಾ. ಪಟ್ಟಣದಿಂದ ಬರ್ತಾ ಒಂದು ಕೆಂಪು ಪೆನ್ಸಿಲು ತಗೊಂಬಾ, ಇದು ಸವೆದುಹೋಯ್ತು."